ಬಂಡೆಯ ಬಲಮಗ್ಗುಲು

ಸಾವಳಗಿ ಹತ್ತಿರದ ಒಂದು ಹೊಲದಂಚಿನಲ್ಲಿ ದೊಡ್ಡ ಬಂಡೆಯಿತ್ತು. ಅದರ ಮೈಯಲ್ಲೇ ಕೊರೆದ ಬೀರೇಶ್ವರ, ಬಲಮಗ್ಗುಲಲ್ಲಿ ಅವನ ನಾಯಿ. ರಸ್ತೆ ಅಗಲವಾಗಲು ಬಂಡೆ ಒಡೆಯುವುದು ಖಾತ್ರಿಯಾದ ಮೇಲೆ ಅಲ್ಲಿನ ಮುದುಕ ಪೂಜಾರಿ ಜಮಖಂಡಿಯ ನನ್ನ ಫೋಟೋ ಸ್ಟುಡಿಯೋ ಹುಡುಕಿಕೊಂಡು ಬಂದರು. ಮೂರ್ತಿಯನ್ನು ಕಂಪ್ಯೂಟರಿನಲ್ಲಿ ಇದ್ದ ಹಾಗೇ ಕಟ್ಟಿಕೊಟ್ಟರೆ ಹೊಸ ಕಲ್ಲಿನಲ್ಲಿ ಕೆತ್ತಿಸುತ್ತೇವೆ ಎಂದರು. ಉಳಿದದ್ದು ಒಂದೇ ದಿನ.

ನನ್ನ ಫೋನಿನಲ್ಲಿ ಆಳ ಅಳೆಯುವ ಸೆನ್ಸರ್ ಇದೆ. ಅದು ಬಿಡುವ ಕಿರಣ ವಸ್ತುವಿಗೆ ತಾಗಿ ಹಿಂತಿರುಗಬೇಕು. ಆಕಾರ ಸಿಕ್ಕ ಮೇಲೆ ಸುತ್ತಲಿಂದ ಫೋಟೋ ತೆಗೆದು ಅದಕ್ಕೆ ಹೊದಿಸಬೇಕು. ಮಧ್ಯಾಹ್ನ ಮೂರು ಸಲ ಬಂಡೆ ಸುತ್ತಿದೆ. ತಲೆಮಾರುಗಳ ಎಣ್ಣೆ ಕುಡಿದು ಕಪ್ಪಗೆ ಮಿರುಗುವ ಕಲ್ಲು ಏನನ್ನೂ ಹಿಂತಿರುಗಿಸಲಿಲ್ಲ. ಪರದೆಯಲ್ಲಿ ದೇವರ ಮುಖವಿರಬೇಕಾದಲ್ಲಿ ತೂತು. ಎಣ್ಣೆ ಒರೆಸಲು ಮುದುಕರು ಒಪ್ಪಲಿಲ್ಲ. ಹೊಳಪು ಮುಚ್ಚುವಂಥ ಪುಡಿಯಾದರೂ ಬೇಕು ಎಂದೆ.

"ಭಂಡಾರ ಹಾಕಿದ್ರ ನಡಿತೈತೇನು, ತಂಗಿ?" ಎಂದರು.

ಚೀಲದಲ್ಲಿದ್ದ ಅರಿಶಿನಪುಡಿಯನ್ನು ತಾವೇ ಮೂರ್ತಿಗೆಲ್ಲ ತೂರಿದರು. ಈ ಸಲ ಮುಖ ಬಂತು, ಮೀಸೆ ಬಂತು. ಎಡಮಗ್ಗುಲು ಮುಗಿಯುವಷ್ಟರಲ್ಲಿ ಫೋನು ಕಾದು ಆರಿಹೋಯಿತು. ಅದು ತಣ್ಣಗಾಗುವುದರೊಳಗೆ ಹೊತ್ತು ಮುಳುಗಿತು.

ಮರುದಿನ ಮೊದಲ ಬಸ್ಸಿಗೇ ಹೋದೆ. ಬಂಡೆ ಒಡೆಯುವ ಯಂತ್ರ ನನಗಿಂತ ಮುಂಚೆ ಬಂದು ಬಲಗಡೆಯಿಂದಲೇ ಶುರುಮಾಡಿತ್ತು. ನಿಲ್ಲಿಸಿ ಎಂದು ಕೂಗಿದ್ದು ಅದರ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ. ಆಮೇಲೆ ಅರಿಶಿನ ಹತ್ತಿದ ಚೂರುಗಳನ್ನು ಆರಿಸಿ ಜೋಡಿಸಿ ನೋಡಿದೆ. ಯಾವುದೂ ನಾಯಿಯಾಗಲಿಲ್ಲ.

ಊರವರ ಫೋನುಗಳನ್ನೆಲ್ಲ ಜಾಲಾಡಿದೆ. ಪ್ರತಿ ಫೋಟೋದಲ್ಲೂ ಯಾರಾದರೊಬ್ಬರು ದೇವರ ಬಲಕ್ಕೇ ನಿಂತು ನಾಯಿಯನ್ನು ಮರೆಮಾಡಿದ್ದರು. ಬಂಡೆ ಸುತ್ತುವಾಗ ನಾನೂ ನೋಡಿದ್ದು ಪರದೆಯನ್ನಷ್ಟೇ. ಕೊನೆಗೆ ಮುದುಕರನ್ನೂ ಅವರ ಅಕ್ಕನನ್ನೂ ಕಂಪ್ಯೂಟರಿನ ಮುಂದೆ ಕೂರಿಸಿ, ಹೇಗಿತ್ತೆಂದು ಹೇಳಿದರೆ ನಾನೇ ತುಂಬುತ್ತೇನೆ ಎಂದೆ. ಬಾಲ ಮೇಲಕ್ಕೆ ಸುತ್ತಿತ್ತು ಎಂದರು ಮುದುಕರು. ಇಳಿಬಿಟ್ಟಿತ್ತು ಎಂದರು ಅಕ್ಕ. ಕೂತಿತ್ತೋ ನಿಂತಿತ್ತೋ, ಅದೂ ಹೊಂದಲಿಲ್ಲ. ಮುದುಕರು ತಲೆಯ ಮೇಲೆ ಕೈ ಹೊತ್ತರು.

"ದಿನಾ ಕೈಲೆ ಮುಟ್ಟೀನಿ, ತಂಗಿ. ಕಣ್ಣೀಲೆ ನೋಡೇ ಇಲ್ಲ ಅನಸ್ತೈತಿ."

ಊಹಿಸಿ ಒಂದು ನಾಯಿ ಮಾಡಿಕೊಡುವುದು ನನಗೆ ಅರ್ಧ ತಾಸಿನ ಕೆಲಸ. ಮಾಡಲು ಅವರು ಬಿಡಲಿಲ್ಲ. ಹೊಸ ಕಲ್ಲಿನ ಬಲಮಗ್ಗುಲು ಉಳಿ ಮುಟ್ಟದೆ ಬರಿದಾಗಿಯೇ ಉಳಿಯಿತು. ಪ್ರತಿಷ್ಠಾಪನೆಗೆ ಕರೆದಿದ್ದರು, ನನಗೆ ಹೋಗಲಾಗಲಿಲ್ಲ.