ಬೇಕರಿ ಕ್ಯಾತಪ್ಪ
ಕೊರಟಗೆರೆ ಬಸ್ ನಿಲ್ದಾಣದ ಎದುರು ಕ್ಯಾತಪ್ಪ ಬೇಕರಿಯ ಬಾಗಿಲು ತೆರೆದನೆಂದರೆ ಬೀದಿಗೇ ಹಬ್ಬ. "ಬಿಸಿ ಬನ್ನು ಬಂತು, ಬನ್ರಪ್ಪೋ!" ಎಂದು ಅವನು ಕೂಗಿದರೆ ಹೊರಟ ಗೊರವನಹಳ್ಳಿ ಬಸ್ಸೂ ಒಂದು ಗಳಿಗೆ ನಿಂತು ಯೋಚಿಸುತ್ತದೆ. ಹೊಸ ಗಿರಾಕಿ ಬಂದರೆ ಬನ್ನು ಕೊಡುವ ಮೊದಲೇ ಹೇಳಿಬಿಡುತ್ತಾನೆ: "ನೋಡಣ್ಣ, ನಾನು ಕೊಲೆ ಮಾಡಿ ಹದಿನಾಲ್ಕು ವರ್ಷ ಜೈಲಲ್ಲಿದ್ದೋನು. ಈ ಕೆಲ್ಸ ಕಲ್ತಿದ್ದೂ ಅಲ್ಲೇಯ. ಗೊತ್ತಿದ್ದೂ ತಿಂತೀನಿ ಅಂದ್ರೆ ತಿನ್ನು!" ಬೆಚ್ಚಿಬಿದ್ದವರು ಆಮೇಲೆ ಎರಡೆರಡು ಬನ್ನು ತಿನ್ನುತ್ತಾರೆ. ಎಲ್ಲವನ್ನೂ ಒದರುವ ಕ್ಯಾತಪ್ಪ ಸತ್ತವನ ಹೆಸರನ್ನು ಮಾತ್ರ ಎಂದೂ ಹೇಳುವುದಿಲ್ಲ. ಹೊಲಕ್ಕೆ ನೀರು ಹಾಯಿಸುವ ಸರದಿಗೆ ಜಗಳವಾಗಿ, ಪಕ್ಕದ ಹೊಲದ ತಿಮ್ಮರಾಜುವನ್ನು ಅವನು ಗುದ್ದಲಿಯಿಂದ ಹೊಡೆದು ಕೊಂದಿದ್ದ. ಮೊನ್ನೆ ಬೆಳಿಗ್ಗೆ ತಿಮ್ಮರಾಜುವಿನ ಹೆಂಡತಿ ಸಣ್ಣೀರಮ್ಮ ಅಂಗಡಿಯ ಮುಂದೆ ಬಂದು ನಿಂತಳು. "ಮೊಮ್ಮಗನ ಹುಟ್ದಬ್ಬ. ಒಂದು ಕೇಕ್ ಬೇಕು, ಮ್ಯಾಲೆ ಹೆಸ್ರು ಬರೀಬೇಕು," ಎಂದಳು. "ಏನಂತ ಬರೀಲಕ್ಕ?" "ತಿಮ್ಮರಾಜು ಅಂತ. ತಾತನ ಹೆಸ್ರೇ ಇಟ್ಟಿದೀವಿ." ಕ್ಯಾತಪ್ಪ ಬನ್ನಿನ ತಟ್ಟೆಯನ್ನು ಕೆಳಗಿಟ್ಟ. "ಬ್ಯಾರೆ ಬೇಕರಿ ಇದ್ವಲ್ಲಕ್ಕ..." "ಇದ್ವು. ನಿನ್ ಕೈಲೇ ಬರಸ್ಬೇಕು ಅಂತ ಬಂದೆ. ಸಿಟ್ಟು ಹೊತ್ಕೊಂಡು ತಿರುಗಿ ನಂಗೂ ಸಾಕಾಗೈತೆ ಕಣಪ್ಪ." ಕ್ಯಾತಪ್ಪ ಕ್ರೀಮು ತುಂಬಿದ ಕೋನು ಹಿಡಿದು ಒಂದೊಂದೇ ಅಕ್ಷರ ಬರೆದ. ಇಷ್ಟು ವರ್ಷ ಬಾಯಿಗೆ ಬಾರದ ಹೆಸರನ್ನು ಗಟ್ಟಿಯಾಗಿ ಓದಿದ. ಸಣ್ಣೀರಮ್ಮ ಬಗ್ಗಿ ನೋಡಿದಳು. "ಅಳ್ತಾ ಬರದ್ರೆ ಸೊಟ್ಟ ಆಗ್ತೈತೆ. ಕಣ್ಣು ಒರಸ್ಕೊಂಡು ಇನ್ನೊಂದ್ಸಲ ಬರಿ," ಎಂದಳು.