ಕನ್ಸಿಡರ್ ಮಾಡೋಣ

ಕೆಲಸ ಕಾಯಂ ಮಾಡಿ ಎಂದು ಕೇಳಿದಾಗ ಮ್ಯಾನೇಜರು "ಕನ್ಸಿಡರ್ ಮಾಡೋಣ" ಎಂದದ್ದೇ ತಡ, ಹೊಸ ಗುಮಾಸ್ತ ಆಗೇಹೋಯಿತೆಂದು ಇಡೀ ಆಫೀಸಿಗೆ ಸಿಹಿ ಹಂಚಿಬಿಟ್ಟ. ಮ್ಯಾನೇಜರೂ ಎರಡು ತುಂಡು ತಿಂದು ಕೈ ಒರೆಸಿಕೊಂಡರು. ಆ ಪದ ಮೂಗಿಗೆ ಸವರಿದ ತುಪ್ಪ, ವಾಸನೆ ಬಂದರೂ ನಾಲಗೆಗೆ ಎಟುಕದು ಎಂದು ಅವನಿಗೆ ತಿಳಿದದ್ದು ಆಮೇಲೆ. ರಜೆ ಕೇಳಿದರೂ ಕನ್ಸಿಡರ್, ಫ್ಯಾನ್ ಕೆಟ್ಟರೂ ಕನ್ಸಿಡರ್, ಮ್ಯಾನೇಜರ ಹೆಂಡತಿ ಫೋನಿನಲ್ಲಿ "ಊಟಕ್ಕೆ ಬರ್ತೀರೋ ಇಲ್ವೋ?" ಎಂದರೂ ಕನ್ನಡಕ ಒರೆಸುತ್ತಾ ಅದೇ ಕನ್ಸಿಡರ್. ವರ್ಷ ಕಳೆದರೂ ಕಾಯಂ ಆಗದ ಗುಮಾಸ್ತ ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟ: "ಸಾರ್, ಕನ್ಸಿಡರ್ ಅಂದ್ರೆ ಹೂಂ ಅಂತಲೋ, ಊಹೂಂ ಅಂತಲೋ?" ಮ್ಯಾನೇಜರು ಮೇಲಿನ ಮಹಡಿಯತ್ತ ಬೆರಳು ತೋರಿಸಿದರು. "ಅವೆರಡನ್ನೂ ಹೇಳೋ ಅಧಿಕಾರ ಅಲ್ಲಿದೆ ಕಣಯ್ಯಾ. ನನಗೆ ಅಂತ ಬಿಟ್ಟಿರೋದು ಇದೊಂದೇ ಪದ."