ಬಾಗಿಲ ಮೇಲಿನ ಮಾಲೀಕರು

ಲಾಯದಕ್ಕ ತನ್ನ ಕುದುರೆಗಳಿಗಿಂತ ಜೋರಾಗಿ ಕೆನೆಯುತ್ತಾಳೆ. ಸವಾರಿ ಕಲಿಯಲು ಬಂದ ಮಕ್ಕಳಿಗೆ ಅವಳ ಮೊದಲ ಪ್ರಶ್ನೆ, "ಮನೇಲಿ ಕುದುರೆ ಇದ್ಯಾ?" ಇಲ್ಲವೆಂದರೆ, "ಸದ್ಯ, ಬದುಕಿದೆ! ಹಿಡಿ ಸಲಿಕೆ, ಲದ್ದಿ ಎತ್ತು." ಒಂದು ಕುದುರೆಯ ಲದ್ದಿ ಎತ್ತಿದವರ ಹೆಸರನ್ನು ಲಾಯದ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾಳೆ, ಅಂದಿನಿಂದ ಅವರೂ ಆ ಕುದುರೆಯ ಮಾಲೀಕರು. ಹಲ್ಲುದುರಿದ ಒಂದು ಮುದಿ ಕುದುರೆಗೇ ನಲವತ್ತು ಮಂದಿ ಮಾಲೀಕರಿದ್ದಾರೆ. "ನಮ್ಮ ಹುಡುಗಿ ಸ್ವಂತ ಕುದುರೆ ಇದೆ ಅಂತ ಸ್ಕೂಲಲ್ಲಿ ಬುರುಡೆ ಬಿಡ್ತಾಳೆ" ಎಂದು ಯಾವ ತಾಯಿಯಾದರೂ ದೂರಿದರೆ, ಆ ಬಾಗಿಲ ಮುಂದೆ ನಿಲ್ಲಿಸಿ, "ಬುರುಡೆ ಏನ್ರೀ? ಓದ್ಕೊಳ್ಳಿ!" ಎನ್ನುತ್ತಾಳೆ. ಅದೇ ಬಾಗಿಲ ಕೆಳಭಾಗದಲ್ಲಿ, ಏಳು ವರ್ಷದ ಮಗುವಿನ ಕೈ ಎಟಕುವಲ್ಲಿ, ಮೊಳೆಯಿಂದ ಕೆತ್ತಿದ ಹೆಸರೊಂದಿದೆ. ಲಾಯದ ಹಳೆಯ ಧಣಿ ಎಷ್ಟು ಉಜ್ಜಿಸಿದರೂ ಹೋಗದ ಆ ಹೆಸರು, ಆಗ ಇಲ್ಲಿ ಲದ್ದಿಯನ್ನಷ್ಟೇ ಎತ್ತುತ್ತಿದ್ದ ಲಾಯದಕ್ಕನದು.